ಹಾನಿಕರ ಬೆಳಕಿನಿಂದ ಕಣ್ಣು ಕಾಯುವ ನ್ಯಾನೊ ಫಿಲ್ಟರ್: ಆರಿಸುವುದು, ಪರೀಕ್ಷಿಸುವುದು, ಬಳಸುವುದು ಹೇಗೆ

ಕನ್ನಡಕದ ಅಂಗಡಿಗಳಲ್ಲಿ ಈಗ ಒಂದು ಪ್ರದರ್ಶನ ಮಾಮೂಲಾಗಿದೆ. ಮಾರುವವರು ಪೆನ್ನಿನಾಕಾರದ ಪುಟ್ಟ ಟಾರ್ಚ್ ತೆಗೆದು ಒಂದು ಬಿಳಿ ಕಾರ್ಡಿನ ಮೇಲೆ ನೀಲಿ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಜಾಗ ಕ್ಷಣಮಾತ್ರದಲ್ಲಿ ಬಣ್ಣಕ್ಕೆ ತಿರುಗುತ್ತದೆ. ನಡುವೆ ‘ನ್ಯಾನೊ’ ಮಸೂರ ಹಿಡಿದು ಮತ್ತೆ ಬಿಟ್ಟರೆ ಕಾರ್ಡು ಬಿಳಿಯಾಗಿಯೇ ಉಳಿಯುತ್ತದೆ. ನೋಡಿದವರು ಒಪ್ಪಿ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಬರುತ್ತಾರೆ. ಆ ಪೆನ್ನಿನ ಬೆಳಕಿನ ತರಂಗಾಂತರ (ಅಲೆಯ ಉದ್ದ) ಸಾಮಾನ್ಯವಾಗಿ 405 ನ್ಯಾನೊಮೀಟರ್ ಆಸುಪಾಸಿನದು, ಅಂದರೆ ನೇರಳೆಯ ಅಂಚಿನದು; ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ (ರೆಟಿನಾ) ಹೆಚ್ಚು ತೊಂದರೆ ಕೊಡಬಲ್ಲ ನೀಲಿಯ ತುದಿ ಇರುವುದು 435ರಿಂದ 440 ನ್ಯಾನೊಮೀಟರಿನಲ್ಲಿ. 400ನ್ನು ದಾಟಿ ತುಸು ಮುಂದಕ್ಕೆ ತಡೆಯುವ ಯಾವ ಮಸೂರವೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 440ರಲ್ಲಿ ಅದು ಏನು ಮಾಡುತ್ತದೆ ಎಂಬುದನ್ನು ಕಾರ್ಡು ಹೇಳುವುದೇ ಇಲ್ಲ.

ಆದ್ದರಿಂದ ಈ ಲೇಖನದುದ್ದಕ್ಕೂ ಒಂದೇ ಮಾತನ್ನು ಹಿಡಿದು ಹೋಗುತ್ತೇನೆ. ಯಾವ ತರಂಗಾಂತರದ ಬೆಳಕು ಎಷ್ಟು ಪ್ರಮಾಣದಲ್ಲಿ ದಾಟಿ ಬರುತ್ತದೆ ಎಂಬ ಅಂಕಿಯೇ ರಕ್ಷಣೆ; ‘ನ್ಯಾನೊ’ ಎಂಬುದು ಆ ಅಂಕಿಯನ್ನು ಸಾಧಿಸುವ ಹಲವು ದಾರಿಗಳಲ್ಲಿ ಒಂದು. ಕೆಲವೆಡೆ ಅದು ನಿಜಕ್ಕೂ ಉತ್ತಮ ದಾರಿ, ಕೆಲವೆಡೆ ಬರಿಯ ಚೀಟಿ.

ಮೊದಲ ಹೆಜ್ಜೆ: ಎದುರಿಸುತ್ತಿರುವ ಬೆಳಕು ಯಾವುದು ಎಂದು ಗೊತ್ತುಮಾಡಿಕೊಳ್ಳಿ

ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೊಮೀಟರಿನ ನಡುವಿನದು. 400ಕ್ಕಿಂತ ಕೆಳಗಿನದು ನೇರಳಾತೀತ, ಕೆಂಪಿನಾಚೆಯದು ಅವಕೆಂಪು. ನೇರಳಾತೀತದಲ್ಲಿಯೂ ಮೂರು ಪಟ್ಟಿಗಳಿವೆ: 315ರಿಂದ 400ರವರೆಗೆ ಯುವಿ-ಎ, 280ರಿಂದ 315ರವರೆಗೆ ಯುವಿ-ಬಿ, 100ರಿಂದ 280ರವರೆಗೆ ಯುವಿ-ಸಿ. ಸೂರ್ಯನ ಯುವಿ-ಸಿಯನ್ನು ವಾತಾವರಣ ಹೀರಿಕೊಳ್ಳುವುದರಿಂದ ಅದು ನೆಲ ಮುಟ್ಟುವುದಿಲ್ಲ. ಆದರೆ ವೆಲ್ಡಿಂಗ್ ಕಿಡಿಯಿಂದಲೂ, ಕೋಣೆ ಮತ್ತು ನೀರನ್ನು ಶುದ್ಧಗೊಳಿಸಲು ಬಳಸುವ 254 ನ್ಯಾನೊಮೀಟರಿನ ಪಾದರಸದ ದೀಪಗಳಿಂದಲೂ ಅದು ಹೊರಡುತ್ತದೆ.

ಇವೆಲ್ಲವೂ ಕಣ್ಣಿನ ಒಂದೇ ಭಾಗವನ್ನು ಸುಡುವುದಿಲ್ಲ. ಯುವಿ-ಸಿ ಮತ್ತು ಯುವಿ-ಬಿಯ ಬಹುಪಾಲನ್ನು ಕಣ್ಣಿನ ಮುಂಭಾಗದ ಕಾರ್ನಿಯಾ ಹೀರುತ್ತದೆ, ಹೀರಿ ತಾನೇ ಬೇಯುತ್ತದೆ. ಯುವಿ-ಎಯ ಬಹುಪಾಲು ಒಳಗಿನ ಮಸೂರದಲ್ಲಿ ನಿಲ್ಲುತ್ತದೆ. ವರ್ಷಾನುಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡವರಲ್ಲಿ ಪೊರೆ ಬೇಗ ಬರುವುದಕ್ಕೂ, ಕಣ್ಣಿನ ಬಿಳಿ ಭಾಗದಿಂದ ಕಪ್ಪಿನ ಕಡೆಗೆ ಮಾಂಸ ಬೆಳೆಯುವುದಕ್ಕೂ ನೇರಳಾತೀತವು ಒಂದು ಕಾರಣ. ಕಾಣುವ ಬೆಳಕು ಮತ್ತು ಸಮೀಪದ ಅವಕೆಂಪು ಮಾತ್ರ ನೇರವಾಗಿ ಅಕ್ಷಿಪಟಲದವರೆಗೆ ಹೋಗಿ ಅಲ್ಲಿ ಒಂದು ಬಿಂದುವಾಗಿ ಕೇಂದ್ರೀಕರಿಸುತ್ತವೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಗ್ರಹಣ ನೋಡಿದವರಿಗೆ ಆ ಹೊತ್ತಿನಲ್ಲಿ ಏನೂ ಆಗದೆ, ಕೆಲವು ಗಂಟೆಗಳ ಬಳಿಕ ನೋಟದ ನಡುಮಧ್ಯೆ ಕಪ್ಪು ಚುಕ್ಕೆ ಕಾಣಿಸಿಕೊಳ್ಳುವುದು ಇದರಿಂದಲೇ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ನಿಮ್ಮ ಬೆಳಕಿನ ಹೆಸರು ಬರೆದುಕೊಳ್ಳಿ: ಬಿಸಿಲೋ, ಪರದೆಯೋ, ವೆಲ್ಡಿಂಗೋ, ಕುಲುಮೆಯೋ, ಲೇಸರ್ರೋ, ಗ್ರಹಣವೋ. ಇವೆಲ್ಲಕ್ಕೂ ಸಲ್ಲುವ ಒಂದೇ ಫಿಲ್ಟರ್ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಮಸೂರದೊಳಗೆ ನ್ಯಾನೊ ಪದಾರ್ಥ ಏನು ಮಾಡುತ್ತಿದೆ ಎಂದು ತಿಳಿಯಿರಿ

ಕ್ರಿಕೆಟ್ ಆಟಗಾರರು ಮೂಗಿಗೆ ಹಚ್ಚಿಕೊಳ್ಳುವ ಬಿಳಿ ಲೇಪವನ್ನು ನೋಡಿರುತ್ತೀರಿ. ಅದರಲ್ಲಿರುವುದು ಸತುವಿನ ಆಕ್ಸೈಡ್. ಅದೇ ಪುಡಿಯನ್ನು 30 ನ್ಯಾನೊಮೀಟರ್ ಗಾತ್ರಕ್ಕೆ ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಸಮನಾಗಿ ಬೆರೆಸಿದರೆ ಬಿಳುಪು ಮಾಯವಾಗಿ ಪ್ಲಾಸ್ಟಿಕ್ ಸ್ಪಷ್ಟವಾಗಿಯೇ ಇರುತ್ತದೆ, ನೇರಳಾತೀತವನ್ನು ಮಾತ್ರ ಹೀರುತ್ತದೆ. ನ್ಯಾನೊ ಫಿಲ್ಟರಿನ ತಿರುಳು ಇಷ್ಟೇ.

ಹೀರುವ ಗುಣ ಆ ಪದಾರ್ಥದ ಎಲೆಕ್ಟ್ರಾನುಗಳ ಶಕ್ತಿಯ ಅಂತರದಿಂದ ಬರುತ್ತದೆ. 1240ನ್ನು ಆ ಅಂತರದಿಂದ (ಎಲೆಕ್ಟ್ರಾನ್ ವೋಲ್ಟಿನಲ್ಲಿ) ಭಾಗಿಸಿದರೆ ಎಷ್ಟು ನ್ಯಾನೊಮೀಟರಿನಿಂದ ಕೆಳಗಿನ ಬೆಳಕನ್ನು ಅದು ಹೀರುತ್ತದೆ ಎಂಬುದು ಸಿಗುತ್ತದೆ. ಸತುವಿನ ಆಕ್ಸೈಡಿನ ಅಂತರ ಸುಮಾರು 3.3, ಆದ್ದರಿಂದ ಅದರ ಗಡಿ 375ರ ಹತ್ತಿರ. ಟೈಟಾನಿಯಂ ಡೈಆಕ್ಸೈಡಿನ ಎರಡು ರೂಪಗಳಲ್ಲಿ ಅನಟೇಸಿನದು 3.2, ಗಡಿ 388, ರೂಟೈಲಿನದು 3.0, ಗಡಿ 413. ಇದನ್ನು ತಿಳಿದವರಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ: ಬರಿಯ ಸತುವಿನ ಆಕ್ಸೈಡ್ ತುಂಬಿದ ಮಸೂರವು 375ರಿಂದ 400ರವರೆಗಿನ ಯುವಿ-ಎಯನ್ನು ಬಿಟ್ಟುಬಿಡಬಹುದು, ಅದಕ್ಕೆ ಬೇರೆ ಹೀರುಕದ ಜೊತೆ ಬೇಕು.

ಸ್ಪಷ್ಟತೆ ಬರುವುದು ಗಾತ್ರದಿಂದ. ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣವೊಂದು ಚದುರಿಸುವ ಬೆಳಕು ಅದರ ವ್ಯಾಸದ 6ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವ್ಯಾಸ ದುಪ್ಪಟ್ಟಾದರೆ ಚದುರಿಕೆ 64 ಪಟ್ಟು. ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿದರೆ ಅವು ದೊಡ್ಡ ಕಣದಂತೆಯೇ ವರ್ತಿಸಿ ಮಸೂರ ಮಬ್ಬಾಗುತ್ತದೆ. ಹೊಸ ಮಸೂರವನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟಾಗ ತೆಳು ಹಾಲಿನಂಥ ಛಾಯೆ ಕಂಡರೆ ಅದಕ್ಕೆ ಒಂದು ಕಾರಣ ಇದಾಗಿರಬಹುದು. ಇನ್ನೊಂದು ತೊಡಕು ಟೈಟಾನಿಯಂ ಡೈಆಕ್ಸೈಡಿನದು: ಬೆಳಕು ಹೀರಿದಾಗ ಅದರ ಮೇಲ್ಮೈ ಸುತ್ತಲಿನ ಪ್ಲಾಸ್ಟಿಕ್ಕನ್ನೇ ತಿನ್ನತೊಡಗುತ್ತದೆ. ಅದಕ್ಕಾಗಿ ಬಲ್ಲ ತಯಾರಕರು ಪ್ರತಿ ಕಣಕ್ಕೂ ಸಿಲಿಕಾ ಅಥವಾ ಅಲ್ಯುಮಿನಾದ ಕವಚ ತೊಡಿಸುತ್ತಾರೆ.

ಹೀರುವುದಲ್ಲದೆ ಇನ್ನೆರಡು ದಾರಿಗಳಿವೆ. ಒಂದು, ತೆಳು ಪದರಗಳದು. ಮೆಗ್ನೀಷಿಯಂ ಫ್ಲೋರೈಡಿನ ಸುಮಾರು 100 ನ್ಯಾನೊಮೀಟರ್ ದಪ್ಪದ ಪದರವೊಂದು ಗಾಜಿನ ಪ್ರತಿಫಲನವನ್ನು ತಗ್ಗಿಸುತ್ತದೆ. ಜರ್ಮನಿಯ ಜೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಕೊಂಡ ಈ ಉಪಾಯವೇ ಇಂದಿನ ‘ಆಂಟಿ ಗ್ಲೇರ್’ ಕನ್ನಡಕದ ಮೂಲ. ಪದರಗಳ ದಪ್ಪವನ್ನು ಬದಲಿಸಿ ಹಲವನ್ನು ಪೇರಿಸಿದರೆ ಬೇಡದ ಬಣ್ಣವೊಂದನ್ನೇ ಹಿಂದಕ್ಕೆ ಅಟ್ಟಬಹುದು. ಮಸೂರದ ಮೇಲೆ ನೀಲಿ-ನೇರಳೆ ಹೊಳಪು ಕಾಣುವುದು ಅಟ್ಟಿದ ಆ ಬೆಳಕೇ. ಇನ್ನೊಂದು ದಾರಿ ಲೋಹದ್ದು: ಗಗನಯಾತ್ರಿಗಳ ಶಿರಸ್ತ್ರಾಣದ ಮೇಲೆ, ಕುಲುಮೆಯ ಮುಂದೆ ನಿಲ್ಲುವವರ ಮುಖಪರದೆಯ ಮೇಲೆ ಹಚ್ಚುವ ಚಿನ್ನದ ಪದರ ಎಷ್ಟು ತೆಳುವೆಂದರೆ ಅದರ ಮೂಲಕ ಎದುರಿನದು ಕಾಣುತ್ತದೆ, ಆದರೆ ಶಾಖದ ಕಿರಣ ಹಿಂದಕ್ಕೆ ಹೋಗುತ್ತದೆ.

ಈ ಹಾದಿ ಹೊಸತೇನಲ್ಲ. ಗಾಜು ಊದುವವರಿಗೆ ಬರುತ್ತಿದ್ದ ಕಣ್ಣಿನ ಪೊರೆಯನ್ನು ತಡೆಯಲು ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ 300ಕ್ಕೂ ಹೆಚ್ಚು ಬಗೆಯ ಗಾಜನ್ನು ಕರಗಿಸಿ ಪರೀಕ್ಷಿಸಿ 1914ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೆ ಕೈಹಿಡಿದ ಧಾತುಗಳಲ್ಲಿ ಒಂದು ಸೀರಿಯಂ. ಈಗ ನೇರಳಾತೀತ ತಡೆಯುವ ಲೇಪನಗಳಲ್ಲಿ ಅದೇ ಸೀರಿಯಂನ ಆಕ್ಸೈಡು ನ್ಯಾನೊ ಕಣವಾಗಿ ಮರಳಿ ಬಂದಿದೆ.

ಬಿಸಿಲಿಗೆ ಕಪ್ಪಾಗುವ ಗಾಜಿನ ಮಸೂರದ್ದೂ ನ್ಯಾನೊ ಕಥೆಯೇ. 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ರೂಪುಗೊಂಡ ಆ ಗಾಜಿನಲ್ಲಿ ಬೆಳ್ಳಿಯ ಲವಣದ ಅತಿಸೂಕ್ಷ್ಮ ಹರಳುಗಳಿರುತ್ತವೆ. ನೇರಳಾತೀತ ತಾಗಿದಾಗ ಬೆಳ್ಳಿ ಬೇರ್ಪಟ್ಟು ಗಾಜು ಕಪ್ಪಾಗುತ್ತದೆ, ನೆರಳಿಗೆ ಬಂದಾಗ ಮತ್ತೆ ಕೂಡಿಕೊಂಡು ತಿಳಿಯಾಗುತ್ತದೆ. ಇಂದು ಹೆಚ್ಚಾಗಿ ಸಿಗುವ ಪ್ಲಾಸ್ಟಿಕ್ ಮಸೂರಗಳಲ್ಲಿ ಬೆಳ್ಳಿಯ ಬದಲು ಸಾವಯವ ಬಣ್ಣಗಳಿವೆ. ಕೊಳ್ಳುವವರು ನೆನಪಿಡಬೇಕಾದ ಎರಡು ಸಂಗತಿಗಳು ಇಲ್ಲಿವೆ. ಕಾರಿನ ಮುಂಗಾಜು ನೇರಳಾತೀತದ ಬಹುಪಾಲನ್ನು ತಾನೇ ತಡೆಯುವುದರಿಂದ ಒಳಗೆ ಕುಳಿತವರ ಮಸೂರ ಅಷ್ಟಾಗಿ ಕಪ್ಪಾಗುವುದಿಲ್ಲ. ಮತ್ತೆ, ಈ ಬಣ್ಣಗಳು ಶಾಖದಲ್ಲಿ ಬೇಗ ತಿಳಿಯಾಗುತ್ತವೆ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಚೆನ್ನಾಗಿ ಕಪ್ಪಾಗುವ ಕನ್ನಡಕ ಕಲಬುರಗಿಯ ಮೇ ತಿಂಗಳಿನಲ್ಲಿ, ಬೇಕಾದಾಗಲೇ, ಅಷ್ಟು ಕಪ್ಪಾಗದು.

ಮೂರನೆಯ ಹೆಜ್ಜೆ: ಚೀಟಿಯ ಮೇಲಿನ ಅಂಕಿ ಓದಿ

ಬಿಸಿಲಿನ ಕನ್ನಡಕದಲ್ಲಿ ಎರಡು ಬೇರೆಬೇರೆ ಅಂಕಿಗಳಿರುತ್ತವೆ, ಅವೆರಡನ್ನೂ ಒಂದೇ ಎಂದು ತಿಳಿಯುವುದೇ ದೊಡ್ಡ ತಪ್ಪು. ‘ಯುವಿ 400’ ಎಂದರೆ 400 ನ್ಯಾನೊಮೀಟರಿನವರೆಗಿನ ನೇರಳಾತೀತಕ್ಕೆ ತಡೆ. ‘ಕೆಟಗರಿ’ ಎಂದರೆ ಕಾಣುವ ಬೆಳಕಿಗೆ ಮಸೂರ ಎಷ್ಟು ಕಪ್ಪು ಎಂಬ ಲೆಕ್ಕ: 0ಯಲ್ಲಿ 80ರಿಂದ 100 ಶೇಕಡ ಬೆಳಕು ದಾಟುತ್ತದೆ, 1ರಲ್ಲಿ 43ರಿಂದ 80, 2ರಲ್ಲಿ 18ರಿಂದ 43, 3ರಲ್ಲಿ 8ರಿಂದ 18, 4ರಲ್ಲಿ 3ರಿಂದ 8 ಮಾತ್ರ. ನಮ್ಮ ಬಿಸಿಲಿಗೆ ಕೆಟಗರಿ 3 ಸಾಕು. 4ನ್ನು ಹಾಕಿಕೊಂಡು ವಾಹನ ಓಡಿಸಬಾರದು.

ನೀರಿನಂತೆ ತಿಳಿಯಾದ ಮಸೂರವೂ ಯುವಿ 400 ಆಗಿರಬಹುದು; ಇದ್ದಿಲಿನಂತೆ ಕಪ್ಪಾದ ಮಸೂರ ನೇರಳಾತೀತವನ್ನು ಧಾರಾಳವಾಗಿ ಬಿಡಬಹುದು. ಎರಡನೆಯದು ಬರಿಗಣ್ಣಿಗಿಂತಲೂ ಕೆಟ್ಟದ್ದಾಗಬಹುದು, ಏಕೆಂದರೆ ಕತ್ತಲೆಂದು ತಿಳಿದ ಪಾಪೆ ಹಿಗ್ಗುತ್ತದೆ. 2 ಮಿಲಿಮೀಟರಿನ ಪಾಪೆ 4 ಆದರೆ ಬಾಗಿಲಿನ ವಿಸ್ತೀರ್ಣ ನಾಲ್ಕು ಪಟ್ಟಾಗಿ, ತಡೆಯಿಲ್ಲದ ಕಿರಣ ಆ ಬಾಗಿಲಿನಿಂದಲೇ ಒಳಹೋಗುತ್ತದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಬಣ್ಣದ ಕನ್ನಡಕಗಳ ಬಗ್ಗೆ ನನಗಿರುವ ಆಕ್ಷೇಪ ಇದೊಂದೇ. ಎಳೆಯ ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ಹೆಚ್ಚು ನೇರಳಾತೀತವನ್ನು ಒಳಗೆ ಬಿಡುತ್ತದೆ. ‘ಪೋಲರೈಸ್ಡ್’ ಎಂಬ ಪದ ನೀರಿನ ಮತ್ತು ರಸ್ತೆಯ ಝಳಪನ್ನು ತಗ್ಗಿಸುವುದಕ್ಕೆ ಸಂಬಂಧಿಸಿದ್ದು. ಅದಕ್ಕೂ ನೇರಳಾತೀತಕ್ಕೂ ನೇರ ನಂಟಿಲ್ಲ.

ವೆಲ್ಡಿಂಗ್ ಗಾಜಿನ ಮೇಲೆ ಬರುವುದು ‘ಶೇಡ್’ ಸಂಖ್ಯೆ (ಅದು ಏರಿದಷ್ಟೂ ಗಾಜು ಕಪ್ಪು), ಲೇಸರ್ ಕನ್ನಡಕದ ಮೇಲೆ ಬರುವುದು ‘ಓಡಿ’ ಎಂಬ ದೃಗ್ಸಾಂದ್ರತೆ. ಓಡಿ 1 ಎಂದರೆ ಹತ್ತರಲ್ಲೊಂದು ಪಾಲು ಬೆಳಕು ದಾಟುತ್ತದೆ, ಓಡಿ 3 ಎಂದರೆ ಸಾವಿರದಲ್ಲೊಂದು, ಓಡಿ 5 ಎಂದರೆ ಲಕ್ಷದಲ್ಲೊಂದು. ಅಂಕಿ ಒಂದು ಏರಿದರೆ ದಾಟುವ ಬೆಳಕು ಹತ್ತು ಪಟ್ಟು ಇಳಿಯುತ್ತದೆ ಎಂಬುದನ್ನು ಮರೆತು ‘ನಾಲ್ಕಕ್ಕೂ ಐದಕ್ಕೂ ಎಷ್ಟು ವ್ಯತ್ಯಾಸ’ ಎನ್ನಬಾರದು.

ನಾಲ್ಕನೆಯ ಹೆಜ್ಜೆ: ಐನೂರರ ನೋಟು ಹಿಡಿದು ಪರೀಕ್ಷಿಸಿ

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. 365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ ಒಂದು ಬೇಕು. ಅಗ್ಗದ ಟಾರ್ಚುಗಳಲ್ಲಿ ಹೆಚ್ಚಿನವು 395ರವು, ಗಾಢ ನೇರಳೆ ಬೆಳಕು ಚೆಲ್ಲುತ್ತವೆ. ಅವುಗಳಿಂದ ಫಲಿತಾಂಶ ಗೊಂದಲವಾಗುತ್ತದೆ. ಕೋಣೆಯ ದೀಪ ಆರಿಸಿ, ನಮ್ಮ ಐನೂರು ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟು, ಒಂದಡಿ ಮೇಲಿನಿಂದ ಟಾರ್ಚ್ ಬಿಡಿ. ನೋಟಿನ ಸಂಖ್ಯೆಯನ್ನು ಹೊಳೆಯುವ ಶಾಯಿಯಲ್ಲಿ ಮುದ್ರಿಸಿರುವುದರಿಂದ ಅಂಕಿಗಳು ಬೆಳಗುತ್ತವೆ, ಕಾಗದದೊಳಗಿನ ಸಣ್ಣ ಎಳೆಗಳೂ ಅಲ್ಲಲ್ಲಿ ಮಿನುಗುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಕನ್ನಡಕದ ಒಂದು ಮಸೂರ ಹಿಡಿಯಿರಿ. ಮಸೂರದ ನೆರಳಿನಲ್ಲಿ ಅಂಕಿಗಳ ಹೊಳಪು ಪೂರ್ತಿ ಆರಿದರೆ 365ರಲ್ಲಿ ತಡೆ ಇದೆ. ಮಸುಕಾಗಿ ಉಳಿದರೆ ತಡೆ ಅರೆಬರೆ. ಹೊಳಪು ಹಾಗೆಯೇ ಇದ್ದರೆ ಆ ಮಸೂರ ಎಷ್ಟೇ ಕಪ್ಪಾಗಿದ್ದರೂ ಅದನ್ನು ಬಿಸಿಲಿಗೆ ಬಳಸಬೇಡಿ. ಎಡದ ಮಸೂರ, ಬಲದ ಮಸೂರ ಎರಡನ್ನೂ ನೋಡಿ, ಅಂಚಿನಲ್ಲಿಯೂ ನಡುವಿನಲ್ಲಿಯೂ ನೋಡಿ. ನೋಟು ಕೈಯಲ್ಲಿ ಇಲ್ಲದಿದ್ದರೆ ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿಯೂ ಆದೀತು, ಅದು ನೀಲಿಯಾಗಿ ಹೊಳೆಯುತ್ತದೆ. ಟಾರ್ಚನ್ನು ಯಾರ ಮುಖಕ್ಕೂ ತಿರುಗಿಸಬಾರದು, ಆಟಕ್ಕೆ ಮಕ್ಕಳ ಕೈಗೆ ಕೊಡಬಾರದು.

ಈ ಪರೀಕ್ಷೆಯಲ್ಲಿ ತಪ್ಪಿದ ಮಸೂರ ನಿಜಕ್ಕೂ ಕೆಟ್ಟದ್ದು. ಗೆದ್ದ ಮಸೂರ ಯುವಿ 400 ಎಂದು ಇದರಿಂದ ಸಾಬೀತಾಗುವುದಿಲ್ಲ, ಏಕೆಂದರೆ 365 ಎಂಬ ಒಂದು ಬಿಂದುವನ್ನಷ್ಟೇ ನಾವು ಮುಟ್ಟಿದ್ದೇವೆ. ಪಾಲಿಕಾರ್ಬನೇಟ್ ಎಂಬ ಸಾಧಾರಣ ಪ್ಲಾಸ್ಟಿಕ್ ಕೂಡ ಯಾವ ನ್ಯಾನೊ ಕಣದ ನೆರವಿಲ್ಲದೆ ಇದರಲ್ಲಿ ಗೆಲ್ಲುತ್ತದೆ. ಅನುಕೂಲಸ್ಥ ಅಂಗಡಿಗಳಲ್ಲಿ ನೇರಳಾತೀತ ಮಾಪಕ ಇರುತ್ತದೆ. ಎಷ್ಟು ಶೇಕಡ ದಾಟುತ್ತದೆ ಎಂಬ ಓದು ಕೇಳಿ ಪಡೆಯಿರಿ. ಇನ್ನೂ ಒಳ್ಳೆಯದೆಂದರೆ ತಯಾರಕರ ಪ್ರಸರಣ ರೇಖಾಚಿತ್ರ: ಅಡ್ಡಗೆರೆಯಲ್ಲಿ ತರಂಗಾಂತರ, ಲಂಬಗೆರೆಯಲ್ಲಿ ದಾಟುವ ಬೆಳಕು. ‘ನ್ಯಾನೊ’ ಎಂದು ಹೆಚ್ಚು ಹಣ ಕೇಳುವವರು ಆ ಒಂದು ಹಾಳೆಯನ್ನು ತೋರಿಸಲೇಬೇಕು.

ಆನ್‌ಲೈನಿನಲ್ಲಿ ಸೀಸೆಗಟ್ಟಲೆ ಸಿಗುವ ‘ನ್ಯಾನೊ ದ್ರವ’ದ ಬಗ್ಗೆ ಒಂದು ಮಾತು. ಕನ್ನಡಕಕ್ಕೆ ಹಚ್ಚಿ ಒರೆಸಿದರೆ ನೀರು ಮಣಿಯಾಗಿ ಉರುಳುತ್ತದೆ. ಅದು ನೀರು ಮತ್ತು ಜಿಡ್ಡು ನಿಲ್ಲದಂತೆ ಮಾಡುವ ಲೇಪ. ಕಿರಣ ತಡೆಯಲು ಅದನ್ನು ನೆಚ್ಚಬೇಡಿ.

ಐದನೆಯ ಹೆಜ್ಜೆ: ಪಕ್ಕದಿಂದ ನುಗ್ಗುವ ಬೆಳಕನ್ನು ಮುಚ್ಚಿ

ಮಸೂರ ಎಷ್ಟೇ ಚೆನ್ನಾಗಿದ್ದರೂ ಮೇಲಿನಿಂದ, ಪಕ್ಕದಿಂದ, ಕೆನ್ನೆಯ ಕೆಳಗಿನಿಂದ ಬೆಳಕು ಒಳಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕದಂತೆ ಒಣ ಮರಳು ನೇರಳಾತೀತದ ಸುಮಾರು 15 ಶೇಕಡವನ್ನು, ಸಮುದ್ರದ ನೊರೆ 25 ಶೇಕಡವನ್ನು, ಹೊಸ ಹಿಮ 80 ಶೇಕಡದವರೆಗೆ ಮೇಲಕ್ಕೆ ಪ್ರತಿಫಲಿಸುತ್ತದೆ. ಮಲ್ಪೆಯ ಮೀನುಗಾರರಿಗೆ ಟೊಪ್ಪಿಯೊಂದೇ ಸಾಲದಿರುವುದು, ಹಿಮಾಲಯದ ಚಾರಣಕ್ಕೆ ಹೋದ ನಮ್ಮ ಹುಡುಗರಿಗೆ ಮೋಡವಿದ್ದ ದಿನವೂ ಕಣ್ಣು ಉರಿಯುವುದು ಇದರಿಂದ. ತಿಳಿಮೋಡ ನೇರಳಾತೀತದ ಬಹುಪಾಲನ್ನು ಬಿಟ್ಟುಬಿಡುತ್ತದೆ. ಎತ್ತರ ಸಾವಿರ ಮೀಟರ್ ಏರಿದಂತೆ ಅದು ಸುಮಾರು 10 ಶೇಕಡ ಹೆಚ್ಚುತ್ತದೆ. ಮುಖಕ್ಕೆ ಅಪ್ಪಿಕೊಂಡು ಪಕ್ಕಕ್ಕೆ ಸುತ್ತುವರಿಯುವ ಚೌಕಟ್ಟು ಆರಿಸಿ, ಅಗಲ ಅಂಚಿನ ಟೊಪ್ಪಿ ಸೇರಿಸಿ. ಮಸೂರದ ಒಳಮೈಗೂ ಪ್ರತಿಫಲನ ತಡೆಯುವ ಲೇಪನವಿದ್ದರೆ ಹಿಂದಿನಿಂದ ಬಿದ್ದ ಬೆಳಕು ಕಣ್ಣಿಗೆ ಪುಟಿಯುವುದು ಕಡಿಮೆಯಾಗುತ್ತದೆ.

ಆರನೆಯ ಹೆಜ್ಜೆ: ಕೆಲಸಕ್ಕೆ ತಕ್ಕ ಫಿಲ್ಟರ್

ಪರದೆಯ ಮುಂದೆ ಕೂರುವವರ ವಿಷಯವನ್ನು ಬೇಗ ಮುಗಿಸಬಹುದು. ಕಂಪ್ಯೂಟರ್, ಮೊಬೈಲುಗಳ ನೀಲಿ ಬೆಳಕು ಹಗಲಿನ ಆಕಾಶದಿಂದ ಬರುವ ನೀಲಿಗಿಂತ ಬಹಳ ಕಡಿಮೆ. ನೀಲಿ ತಡೆಯುವ ಸಾಮಾನ್ಯ ಮಸೂರಗಳು ಆ ನೀಲಿಯಲ್ಲಿ 10ರಿಂದ 25 ಶೇಕಡವನ್ನಷ್ಟೇ ತಡೆಯುತ್ತವೆ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2023ರಲ್ಲಿ ಪ್ರಕಟವಾದ, ಕೊಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ ವಿಮರ್ಶೆಯು, ಇಂಥ ಕನ್ನಡಕದಿಂದ ಪರದೆಯ ಕೆಲಸದ ಕಣ್ಣಿನ ದಣಿವು ಅಲ್ಪಾವಧಿಯಲ್ಲಿ ಕಡಿಮೆಯಾಗದಿರಬಹುದು ಎಂಬ ನಿಲುವಿಗೆ ಬಂದಿತು. ದಣಿವಿಗೆ ದೊಡ್ಡ ಕಾರಣ ಕಣ್ಣು ಮಿಟುಕಿಸುವುದನ್ನು ಮರೆಯುವುದು ಮತ್ತು ಒಂದೇ ದೂರಕ್ಕೆ ದಿಟ್ಟಿ ನೆಡುವುದು. 20 ನಿಮಿಷಕ್ಕೊಮ್ಮೆ 20 ಅಡಿಯಾಚೆಗೆ 20 ಸೆಕೆಂಡು ನೋಡಿ. ಕನ್ನಡಕದ ನಂಬರ್ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ರಾತ್ರಿ ವಾಹನ ಓಡಿಸಲೆಂದು ಮಾರುವ ಹಳದಿ ಕನ್ನಡಕವೂ ಇದೇ ಸಾಲಿನದು: ಬೆಳಕು ಕಡಿಮೆಯಿರುವ ಹೊತ್ತಿನಲ್ಲಿ ಇರುವ ಬೆಳಕನ್ನೂ ಅದು ತಿನ್ನುತ್ತದೆ.

ವೆಲ್ಡಿಂಗ್ ಬೇರೆಯದೇ ಲೋಕ. ಹಿಂದೊಮ್ಮೆ ನಮ್ಮ ಗೇಟಿನ ಕೆಲಸ ನಡೆಯುವಾಗ ‘ಬರೀ ಎರಡು ಚುಕ್ಕೆ ಹಾಕುವುದು’ ಎಂಬ ಮಾತು ನಂಬಿ ನಾನೇ ಕಬ್ಬಿಣದ ಪಟ್ಟಿಯನ್ನು ಹಿಡಿದು ನಿಂತಿದ್ದೆ. ಎರಡು ಚುಕ್ಕೆ ಇಪ್ಪತ್ತಾಯಿತು. ಸಂಜೆಯವರೆಗೆ ಏನೂ ಇಲ್ಲ. ನಡುರಾತ್ರಿ ಎಚ್ಚರವಾದಾಗ ರೆಪ್ಪೆಯೊಳಗೆ ಮರಳು ತುಂಬಿ ಉಜ್ಜಿದಂತೆ, ಕಣ್ಣು ತೆರೆಯಲಾಗದಂತೆ ನೀರು ಸುರಿಯುತ್ತಿತ್ತು. ಕಾರ್ನಿಯಾ ಸುಟ್ಟ ನೋವು 6ರಿಂದ 12 ಗಂಟೆ ತಡವಾಗಿ ಬರುವುದೇ ಅದರ ಲಕ್ಷಣ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮೇಲ್ಪದರ ಮತ್ತೆ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಎದೆಹಾಲು, ಸೊಪ್ಪಿನ ರಸ ಇತ್ಯಾದಿಗಳನ್ನು ಬಿಡಬಾರದು, ಸೋಂಕಾಗುತ್ತದೆ. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಮೇಲಿಂದ ಮೇಲೆ ಹಾಕಿಕೊಳ್ಳಬಾರದು, ಗಾಯ ಮಾಯುವುದನ್ನು ಅದು ತಡೆಯುತ್ತದೆ. ಕಣ್ಣಿನ ವೈದ್ಯರಿಗೆ ತೋರಿಸಬೇಕು.

ರಾಡ್ ಬಳಸುವ ಆರ್ಕ್ ವೆಲ್ಡಿಂಗಿಗೆ 60ರಿಂದ 160 ಆಂಪಿಯರಿನವರೆಗೆ ಶೇಡ್ 10, 160ರಿಂದ 250ರವರೆಗೆ ಶೇಡ್ 12 ಎಂಬುದು ಒಪ್ಪಿತ ಸಲಹೆ. ಗ್ಯಾಸ್ ಕಟಿಂಗಿಗೆ ಕೆಲಸದ ದಪ್ಪಕ್ಕೆ ತಕ್ಕಂತೆ 3ರಿಂದ 6 ಸಾಕು. ತಾನಾಗಿ ಕಪ್ಪಾಗುವ ಹೆಲ್ಮೆಟ್ಟಿನಲ್ಲಿ ಎರಡು ಪ್ರತ್ಯೇಕ ಸಂಗತಿಗಳಿವೆ ಎಂಬುದು ಬಳಸುವವರಿಗೆ ತಿಳಿದಿರಬೇಕು: ಕಿಡಿ ಹೊತ್ತಿದೊಡನೆ ಕಪ್ಪಾಗುವ ದ್ರವಸ್ಫಟಿಕದ ಗಾಜು ಒಂದು, ಅದರ ಮುಂದೆ ಸದಾ ಇರುವ, ಬೆಳ್ಳಿಯೇ ಮೊದಲಾದ ಪದಾರ್ಥಗಳ ನ್ಯಾನೊ ದಪ್ಪದ ಪದರಗಳಿಂದಾದ ಫಿಲ್ಟರ್ ಇನ್ನೊಂದು. ನೇರಳಾತೀತ ಮತ್ತು ಅವಕೆಂಪನ್ನು ತಡೆಯುವುದು ಎರಡನೆಯದು, ಬ್ಯಾಟರಿ ಸತ್ತರೂ ಅದು ಕೆಲಸ ಮಾಡುತ್ತದೆ. ಆದ್ದರಿಂದ ಕೊಳ್ಳುವಾಗ ‘ಎಷ್ಟು ಬೇಗ ಕಪ್ಪಾಗುತ್ತದೆ’ ಎಂದು ಮಾತ್ರ ಕೇಳದೆ ‘ಕಪ್ಪಾಗದಿದ್ದಾಗಲೂ ಯುವಿ, ಐಆರ್ ತಡೆ ಎಷ್ಟು’ ಎಂದು ಕೇಳಿ. ನೆರವಿಗೆ ನಿಂತ ಹುಡುಗನಿಗೂ ಒಂದು ಶೀಲ್ಡ್ ಕೊಡಿ. ಎಷ್ಟೋ ಸಲ ಸುಟ್ಟುಕೊಳ್ಳುವುದು ಅವನೇ.

ಇನ್ನು ಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣದ ಪಟ್ಟಿ ಮಂಗಳೂರು, ಕೊಡಗುಗಳ ಮೇಲೆ ಹಾದುಹೋದಾಗ ಎಕ್ಸ್-ರೇ ಹಾಳೆ, ಸಗಣಿ ನೀರಿನ ಬಕೆಟ್ಟು, ಮಸಿ ಹಿಡಿಸಿದ ಗಾಜು ಎಲ್ಲವೂ ಹೊರಬಂದವು. ಮಸಿಯ ಗಾಜು ನನಗೆ ಕುತೂಹಲದ ವಸ್ತು. ಎಣ್ಣೆದೀಪದ ಕುಡಿಯ ಮೇಲೆ ಗಾಜು ಹಿಡಿದಾಗ ಅದಕ್ಕೆ ಅಂಟುವುದು ಹತ್ತಾರು ನ್ಯಾನೊಮೀಟರಿನ ಇಂಗಾಲದ ಕಣಗಳೇ. ಅಜ್ಜಿಯಂದಿರು ಕಾಡಿಗೆ ಕಟ್ಟುತ್ತಿದ್ದುದೂ ಅದರಿಂದಲೇ. ಇಂದಿನ ಒಳ್ಳೆಯ ಗ್ರಹಣ ಕನ್ನಡಕದ ಕಪ್ಪು ಹಾಳೆಯಲ್ಲಿಯೂ ಇರುವುದು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ಇಂಗಾಲದ ಕಣಗಳು. ಪದಾರ್ಥ ಒಂದೇ, ಆದರೆ ಮಸಿಯ ಪದರ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು, ಬೆರಳು ತಾಗಿದಲ್ಲಿ ಇಲ್ಲವೇ ಇಲ್ಲ. ಹಾಳೆಯಲ್ಲಿ ಅದನ್ನು ಅಳೆದು ಸಮನಾಗಿ ಹರಡಿರುತ್ತಾರೆ. ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸೂರ್ಯನನ್ನು ನೇರವಾಗಿ ನೋಡುವ ಫಿಲ್ಟರಿನಿಂದ ಕಾಣುವ ಬೆಳಕಿನ 0.0032 ಶೇಕಡಕ್ಕಿಂತ ಹೆಚ್ಚು ದಾಟಕೂಡದು.

ತಂಪು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಕೆಟಗರಿ 3ರ ಅತಿ ಕಪ್ಪು ಮಸೂರ 8 ಶೇಕಡ ಬಿಡುತ್ತದೆ, ಅಂದರೆ ಮಿತಿಯ 2500 ಪಟ್ಟು. ಎರಡು ಸೇರಿದರೆ 0.64 ಶೇಕಡ, 200 ಪಟ್ಟು. ಮೂರು ಸೇರಿದರೂ 16 ಪಟ್ಟು. ಇದು ಕಾಣುವ ಬೆಳಕಿನ ಮಾತಾಯಿತು. ಅವಕೆಂಪನ್ನು ತಡೆಯುವ ಭರವಸೆಯಂತೂ ಆ ಕನ್ನಡಕಗಳಿಗಿಲ್ಲ. ಶೇಡ್ 14ರ ವೆಲ್ಡಿಂಗ್ ಗಾಜು ಸೂರ್ಯನನ್ನು ನೋಡಲು ಆಗುತ್ತದೆ, 10ರದು ಆಗದು. ಗ್ರಹಣ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ಇಣುಕುವುದು ಎಲ್ಲಕ್ಕಿಂತ ಅಪಾಯ: ದುರ್ಬೀನು ಒಟ್ಟುಗೂಡಿಸಿದ ಶಾಖ ಹಾಳೆಯನ್ನೇ ಸುಡುತ್ತದೆ. ಫಿಲ್ಟರನ್ನು ಉಪಕರಣದ ಮುಂದಿನ ಬಾಯಿಗೆ ಕಟ್ಟಬೇಕು. ಮುಂದೆ 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಹಾದುಹೋಗಲಿದ್ದು ಕರ್ನಾಟಕದಲ್ಲಿ ಪಾರ್ಶ್ವವಾಗಿ ಕಾಣಲಿದೆ. ಹಾಳೆ ಕೊಳ್ಳಲು ಗ್ರಹಣದ ಹಿಂದಿನ ದಿನದ ನೂಕುನುಗ್ಗಲಿಗೆ ಕಾಯಬೇಡಿ.

ಲೇಸರ್ ಬಳಸುವ ಚರ್ಮದ ಚಿಕಿತ್ಸಾಲಯ, ಕಟಿಂಗ್ ಘಟಕ, ಪ್ರಯೋಗಾಲಯಗಳಲ್ಲಿ ಕನ್ನಡಕದ ಬಣ್ಣ ನೋಡಿ ಆರಿಸಬಾರದು. ಅದರ ಮೇಲೆ ತರಂಗಾಂತರವೂ ಓಡಿಯೂ ಅಚ್ಚಾಗಿರಬೇಕು, ಆ ತರಂಗಾಂತರ ನಿಮ್ಮ ಯಂತ್ರದ್ದೇ ಆಗಿರಬೇಕು. 532ರ ಹಸಿರಿಗೆ ಮಾಡಿದ್ದು 1064ರ ಕಾಣದ ಕಿರಣಕ್ಕೆ ಬರಿಗಾಜಿನಂತಿರಬಹುದು.

ಪೊರೆಯ ಶಸ್ತ್ರಚಿಕಿತ್ಸೆಯಾದವರು ತಮಗೆ ಹಾಕಿರುವ ಕೃತಕ ಮಸೂರದಲ್ಲಿ ನೇರಳಾತೀತ ತಡೆ ಇದೆಯೇ ಎಂದು ಆಸ್ಪತ್ರೆ ಕೊಟ್ಟ ಚೀಟಿಯಲ್ಲಿ ನೋಡಿಕೊಳ್ಳಿ. ಈಗಿನವುಗಳಲ್ಲಿ ಹೆಚ್ಚಾಗಿ ಇರುತ್ತದೆ. ಹಿಂದೆಂದೋ ಪೊರೆ ತೆಗೆಸಿ ಮಸೂರ ಹಾಕಿಸಿಕೊಳ್ಳದ ಹಿರಿಯರ ಕಣ್ಣಿನಲ್ಲಿ ಆ ತಡೆ ಇರುವುದಿಲ್ಲ, ಅವರಿಗೆ ಯುವಿ 400 ಕನ್ನಡಕ ಬಿಸಿಲಿನಲ್ಲಿ ಕಡ್ಡಾಯ ಎಂದೇ ತಿಳಿಯಿರಿ.

ಏಳನೆಯ ಹೆಜ್ಜೆ: ಜೋಪಾನ

ಮಸೂರದ ಒಳಗೆ ಬೆರೆತ ಕಣಗಳು ಅಷ್ಟು ಬೇಗ ಸವೆಯುವುದಿಲ್ಲ. ಮೇಲೆ ಕೂತ ಪದರಗಳು ಸವೆಯುತ್ತವೆ. ಪಂಚೆಯ ತುದಿ, ಸೆರಗು, ಕಾಗದದ ಕರವಸ್ತ್ರದಿಂದ ಒಣಗಿದ ಮಸೂರವನ್ನು ಉಜ್ಜಿದರೆ ಧೂಳೇ ಉಪ್ಪುಕಾಗದವಾಗಿ ಗೀರುತ್ತದೆ. ಮೊದಲು ತಣ್ಣೀರಿನಲ್ಲಿ ತೊಳೆದು, ಒಂದು ಹನಿ ಸೌಮ್ಯ ಸೋಪು ಸವರಿ, ಮತ್ತೆ ತೊಳೆದು, ಮೃದುವಾದ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಬಿಸಿನೀರು ಬೇಡ, ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಬೇಡವೇ ಬೇಡ: ಪ್ಲಾಸ್ಟಿಕ್ ಶಾಖಕ್ಕೆ ಹಿಗ್ಗಿದಷ್ಟು ಅದರ ಮೇಲಿನ ಗಡಸು ಪದರ ಹಿಗ್ಗದೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ವೆಲ್ಡಿಂಗ್ ಶೀಲ್ಡಿನ ಮುಂದಿನ ತಿಳಿಗಾಜು ಸಿಡಿದ ಕಿಡಿಗಳಿಂದ ಚುಕ್ಕೆಯಾದಾಗ ಅದನ್ನಷ್ಟೇ ಬದಲಿಸಿ, ಒಳಗಿನ ಫಿಲ್ಟರನ್ನು ಮುಟ್ಟಬೇಡಿ.

ಗ್ರಹಣದ ಹಾಳೆಯನ್ನು ಪುಸ್ತಕದ ನಡುವೆ ಚಪ್ಪಟೆಯಾಗಿಡಿ, ಮಡಿಸಬೇಡಿ. ಪ್ರತಿ ಸಲ ಕಣ್ಣಿಗೆ ಹಿಡಿಯುವ ಮೊದಲು ಅದನ್ನು ಮನೆಯ ಎಲ್‌ಇಡಿ ಬಲ್ಬಿನ ಎದುರು ಹಿಡಿದು ನೋಡಿ: ಬಲ್ಬು ಕಾಣಿಸಿದರೂ ತೀರ ಮಂಕಾಗಿ ಮಾತ್ರ ಕಾಣಬೇಕು, ಉಳಿದ ಕೋಣೆ ಕಾಣಲೇಬಾರದು. ಎಲ್ಲಿಯಾದರೂ ಸೂಜಿಮೊನೆಯಷ್ಟು ಚುಕ್ಕೆ ಹೊಳೆದರೆ ಆ ಹಾಳೆಯನ್ನು ಎತ್ತಿಡಬೇಡಿ. ಮಕ್ಕಳು ಕಸದ ಬುಟ್ಟಿಯಿಂದ ತೆಗೆದು ಆಡದಂತೆ ಕತ್ತರಿಸಿ ಎಸೆಯಿರಿ.